ದ್ರವಹರಿವಿನ ಲೆಕ್ಕಾಚಾರಕ್ಕೆ ಯಂತ್ರದ ಆಯ್ಕೆ

ಜಾಗವನ್ನು ಪುಟ್ಟ ಕೋಶಗಳ ಜಾಲವಾಗಿ ಹಂಚಿಕೊಂಡು ಹೆಜ್ಜೆಹೆಜ್ಜೆಯಾಗಿ ಸಾಗುವ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದಲ್ಲಿ ಮೂರು ಆಯಾಮದ ದ್ರವಹರಿವನ್ನು ಲೆಕ್ಕ ಹಾಕುವ ನನ್ನ ಪ್ರೋಗ್ರಾಂ ಈಗ ನಂಬಬಹುದಾದ ಉತ್ತರ ಕೊಡುತ್ತಿರುವುದರಿಂದ, ಅದಕ್ಕೆ ತಕ್ಕ ಯಂತ್ರವನ್ನು ಆರಿಸುವ ಕೆಲಸ ಕೈಗೆತ್ತಿಕೊಂಡಿದ್ದೇನೆ. ಸದ್ಯದ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೋರ್‌ಗಳಾಚೆಗೆ ವೇಗ ಏರುತ್ತಲೇ ಇಲ್ಲ. ಉಳಿದ ಕೋರ್‌ಗಳು ಮೆಮೊರಿಯಿಂದ ದತ್ತಾಂಶ ಬರಲೆಂದು ಕಾಯುತ್ತವೆ.

ಇದರ ಕಾರಣವನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು. ನಾನು ಬಳಸುವ ಡಿ3ಕ್ಯೂ19 (ಮೂರು ಆಯಾಮ, 19 ವೇಗಗಳು) ಮಾದರಿಯಲ್ಲಿ ಪ್ರತಿ ಕೋಶಕ್ಕೆ 19 ಮೌಲ್ಯಗಳಿದ್ದು, ಹೆಚ್ಚು ನಿಖರತೆಯ ಸಂಖ್ಯಾರೂಪವಾದ ಡಬಲ್ ಪ್ರಿಸಿಷನ್‌ನಲ್ಲಿ ಒಂದೊಂದೂ 8 ಬೈಟ್ ಹಿಡಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ಅವೆಲ್ಲವನ್ನೂ ಒಮ್ಮೆ ಓದಿ ಒಮ್ಮೆ ಬರೆಯಬೇಕಾದ್ದರಿಂದ, ಕೋಶವೊಂದಕ್ಕೆ ಕನಿಷ್ಠ 304 ಬೈಟ್ ಓಡಾಡಬೇಕು. ಎಎಂಡಿಯ ಡೆಸ್ಕ್‌ಟಾಪ್ ಪ್ರೊಸೆಸರ್ ರೈಜನ್ 9 7950ಎಕ್ಸ್‌ನ 16 ಕೋರ್‌ಗಳು ಎಷ್ಟೇ ಚುರುಕಾಗಿದ್ದರೂ, ಡಿಡಿಆರ್5-5200 ಮೆಮೊರಿಯ ಎರಡು ಚಾನೆಲ್‌ಗಳು (ಮೆಮೊರಿಗೂ ಪ್ರೊಸೆಸರಿಗೂ ನಡುವಿನ ದತ್ತಾಂಶದ ದಾರಿಗಳು) ಸೆಕೆಂಡಿಗೆ ಕೊಡುವುದು ಹೆಚ್ಚೆಂದರೆ 83.2 ಗಿಗಾಬೈಟ್; ಅಂದರೆ ಸುಮಾರು 27 ಕೋಟಿ ಕೋಶಗಳೇ ಅದರ ಮಿತಿ. 2019ರಲ್ಲಿ ಬಂದ, ಅದೇ ಕಂಪನಿಯ ಸರ್ವರ್ ಪ್ರೊಸೆಸರ್ ಎಪಿಕ್ 7302ರಲ್ಲಿಯೂ 16 ಕೋರ್‌ಗಳೇ ಇವೆ, ಕ್ಲಾಕ್ ವೇಗವೂ ಕಡಿಮೆ. ಆದರೆ ಡಿಡಿಆರ್4-3200ರ ಎಂಟು ಚಾನೆಲ್‌ಗಳಿರುವುದರಿಂದ 204.8 ಗಿಗಾಬೈಟ್ ದೊರೆತು, ಮಿತಿ 67 ಕೋಟಿಗೆ ಏರುತ್ತದೆ. ಹಳೆಯದೆಂಬ ಹಿಂಜರಿಕೆ ನನಗೆ ಉಳಿಯಲಿಲ್ಲ.

ಅದೇ ಪೀಳಿಗೆಯ, ಅಷ್ಟೇ ಕೋರ್‌ಗಳ 7282 ಇನ್ನೂ ಅಗ್ಗವಾಗಿ ಸಿಗುತ್ತದೆ. ಆದರೆ ಅದರಲ್ಲಿ ಎಂಟು ಚಾನೆಲ್ ತುಂಬಿದರೂ ನಾಲ್ಕರಷ್ಟು ಲಾಭವೇ ಹೊರತು ಹೆಚ್ಚಿಲ್ಲ. ಕೋರ್‌ಗಳ ಸಂಖ್ಯೆಯನ್ನಷ್ಟೇ ನೋಡಿ ಕೊಳ್ಳುವವರು ಇದನ್ನು ಅಗತ್ಯವಾಗಿ ಗಮನಿಸಬೇಕು.

ಪ್ರತಿ ದಿಕ್ಕಿಗೆ 512 ಕೋಶಗಳ ಜಾಲಕ್ಕೆ, ಮೌಲ್ಯಗಳ ಎರಡು ಪ್ರತಿ ಇಟ್ಟುಕೊಂಡರೆ, ಸುಮಾರು 41 ಗಿಗಾಬೈಟ್ ಬೇಕು. ಆದ್ದರಿಂದ 32 ಗಿಗಾಬೈಟಿನ ಎರಡು ಮೆಮೊರಿ ಪಟ್ಟಿಗಳ ಬದಲು, ಎಲ್ಲ ಚಾನೆಲ್‌ಗಳೂ ತುಂಬುವಂತೆ 8 ಗಿಗಾಬೈಟಿನ ಎಂಟು ರಿಜಿಸ್ಟರ್ಡ್ (ಸರ್ವರ್‌ಗಳಲ್ಲಿ ಬಳಸುವ ಬಗೆಯ) ಇಸಿಸಿ (ಬಿಟ್ ದೋಷವನ್ನು ಪತ್ತೆಹಚ್ಚಿ ತಿದ್ದುವ) ಪಟ್ಟಿಗಳನ್ನು ಆರಿಸಿದ್ದೇನೆ. ದಿನಗಟ್ಟಲೆ ನಡೆಯುವ ಲೆಕ್ಕದ ನಡುವೆ ಒಂದು ಬಿಟ್ ಸದ್ದಿಲ್ಲದೆ ಬದಲಾದರೆ ಫಲಿತಾಂಶವನ್ನು ನಂಬುವುದು ಹೇಗೆ? ಇಸಿಸಿ ಬೇಕೆಂಬ ನನ್ನ ಹಟಕ್ಕೆ ಅದೇ ಕಾರಣ.

ಗ್ರಾಫಿಕ್ಸ್ ಕಾರ್ಡನ್ನೂ ತೂಗಿ ನೋಡಿದೆ. ಆರ್‌ಟಿಎಕ್ಸ್ 3060ರ ಬ್ಯಾಂಡ್‌ವಿಡ್ತ್ (ಮೆಮೊರಿಯಿಂದ ದತ್ತಾಂಶ ಸಾಗುವ ವೇಗ) ಸೆಕೆಂಡಿಗೆ 360 ಗಿಗಾಬೈಟ್ ಇದ್ದು, ಈ ವಿಧಾನಕ್ಕೆ ಅದು ಬಹಳ ಒಗ್ಗುತ್ತದೆ. ಆದರೆ ಅದರ 12 ಗಿಗಾಬೈಟ್ ಮೆಮೊರಿಯಲ್ಲಿ ನನ್ನ ಜಾಲ ಹಿಡಿಸುವುದಿಲ್ಲ. ಡಬಲ್ ಪ್ರಿಸಿಷನ್ ವೇಗವೂ 4 ಬೈಟಿನ ಸಿಂಗಲ್ ಪ್ರಿಸಿಷನ್‌ನ 64ನೇ ಒಂದು ಭಾಗ ಮಾತ್ರ. ಸಿಂಗಲ್ ಪ್ರಿಸಿಷನ್‌ಗೆ ಪ್ರೋಗ್ರಾಂ ಬದಲಿಸಿದ ಮೇಲೆ, ಚಿಕ್ಕ ಜಾಲಗಳಿಗೆಂದು ಅದನ್ನು ಮತ್ತೆ ಪರಿಗಣಿಸುತ್ತೇನೆ.

ಬಳಸಿದ ಎಪಿಕ್ ಪ್ರೊಸೆಸರ್‌ಗಳಲ್ಲಿ ಕೆಲವು, ಮೊದಲು ಅಳವಡಿಸಿದ ಸರ್ವರ್ ತಯಾರಕರ ಮದರ್‌ಬೋರ್ಡ್‌ಗಳಲ್ಲಿ ಮಾತ್ರ ನಡೆಯುವಂತೆ ಶಾಶ್ವತವಾಗಿ ಲಾಕ್ ಆಗಿರುತ್ತವೆ. ಹಾಗಾಗಿ ಲಾಕ್ ಆಗಿಲ್ಲವೆಂದು ಮಾರುವವರಿಂದ ಬರಹದಲ್ಲಿ ಪಡೆದ ನಂತರವೇ ಹಣ ಕೊಡಲಿದ್ದೇನೆ. ಜೋಡಣೆಯಾದ ಕೂಡಲೇ ಮೆಮೊರಿಯ ಬ್ಯಾಂಡ್‌ವಿಡ್ತ್ ಅಳೆಯುವ ಸ್ಟ್ರೀಮ್ ಪರೀಕ್ಷೆ ಓಡಿಸಿ, ಅಂಕಿ 204.8ಕ್ಕಿಂತ ತೀರ ಕೆಳಗಿದ್ದರೆ ಎಂಟೂ ಪಟ್ಟಿಗಳು ಗುರುತಾಗಿವೆಯೇ ಎಂಬುದನ್ನು ಮೊದಲು ನೋಡುತ್ತೇನೆ.