ಬಳೆ ಕ್ಲಾಸು

ಐದನೆಯ ಸೆಮಿಸ್ಟರಿನಲ್ಲಿ ನಮಗೆ ಆಟೋಮೇಟಾ ಸಿದ್ಧಾಂತ, ಅಂದರೆ ಅಕ್ಷರ ಓದುತ್ತಾ ಸ್ಥಿತಿ ಬದಲಿಸುವ ಕಾಲ್ಪನಿಕ ಯಂತ್ರಗಳ ಪಾಠ, ಕಲಿಸಿದ ಮೇಡಂ ಬೋರ್ಡಿನ ಮೇಲೆ ವೃತ್ತ ಬರೆಯಲು ಕೈಯ ಬಳೆಯೊಂದನ್ನು ತೆಗೆಯುತ್ತಿದ್ದರು. ಬಳೆಯನ್ನು ಬೋರ್ಡಿಗೆ ಒತ್ತಿ ಸುತ್ತಲೂ ಸೀಮೆಸುಣ್ಣ ಎಳೆದರೆ ಒಂದು ಸ್ಥಿತಿ. ಒಂದು ಅಕ್ಷರ ಓದಿದರೆ ಅಲ್ಲಿಂದ ಇನ್ನೊಂದಕ್ಕೆ ಬಾಣ. ಕೊನೆಯ ಸ್ಥಿತಿಗೆ ಮಾತ್ರ ಒಳಗೊಂದು ಸುತ್ತು, ಅದು ಬರಿಗೈಯಲ್ಲಿ ಬರೆದದ್ದು, ತುಸು ಸೊಟ್ಟ. ಪೀರಿಯಡ್ ಮುಗಿಯುವ ಹೊತ್ತಿಗೆ ಬಳೆ ಬೆಳ್ಳಗಾಗಿರುತ್ತಿತ್ತು. ಹಿಂದಿನ ಬೆಂಚಿನವರಾದ ನಾವು ಅದಕ್ಕೆ ‘ಬಳೆ ಕ್ಲಾಸು’ ಎಂದು ಹೆಸರಿಟ್ಟಿದ್ದೆವು.

“ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತದೆ ಮೇಡಂ?” ಎಂದು ಒಮ್ಮೆ ಕೇಳಿದವನು ನಾನೇ.

“ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಪ್ಪ.”

ಈ ಯಂತ್ರಗಳಿಗೆ ಏನು ಎಟುಕದು ಎಂದು ತೋರಿಸುವ ಪಂಪಿಂಗ್ ಲೆಮ್ಮಾವನ್ನು ಮಗ್ಗಿಯಂತೆ ಉರುಹೊಡೆದೆ. ಪರೀಕ್ಷೆಯಲ್ಲಿ ಎರಡು ಸಾಲು ಬರೆಯುವಷ್ಟರಲ್ಲಿ ಅದು ಕೈಕೊಟ್ಟಿತು. ಕ್ಯಾಂಪಸ್ ಸಂದರ್ಶನದಲ್ಲಿ ಕೇಳಿದ್ದು ಜಾವಾ, ಎಸ್‌ಕ್ಯೂಎಲ್. 1936ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಏನು ಸಾಧಿಸಿದ ಎಂದು ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಬಿಲ್ ಸಂಖ್ಯೆ ಸರಿಯಿದೆಯೇ ಎಂದು ನೋಡಲು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳು ಯಾವ ಮಾದರಿಯಲ್ಲಿರಬೇಕೆಂದು ಹೇಳುವ ಸೂತ್ರ, ಬರೆದೆ: ಒಂದಷ್ಟು ಅಂಕಿ, ಬೇಕಿದ್ದರೆ ಒಂದು ಅಡ್ಡಗೆರೆ, ಇದೇ ಮತ್ತೆ ಮತ್ತೆ. ಒಂದು ಮಧ್ಯಾಹ್ನ ಸರ್ವರ್ ನಿಂತಿತು. ರೀಸ್ಟಾರ್ಟ್ ಎಂಬ ಸರ್ವರೋಗದ ಮದ್ದು ಕೊಟ್ಟೆವು, ಮತ್ತೆ ನಿಂತಿತು. ಸಂಜೆಗೆ ಕಳ್ಳ ಸಿಕ್ಕ. ಯಾರೋ 30 ಅಂಕಿಗಳನ್ನು ಅಡ್ಡಗೆರೆಯಿಲ್ಲದೆ ಒಟ್ಟಿಗೇ ಹೊಡೆದು ಕೊನೆಗೊಂದು ಚುಕ್ಕಿ ಇಟ್ಟಿದ್ದರು.

ಚುಕ್ಕಿಗೆ ಅಲ್ಲಿ ಜಾಗವಿಲ್ಲವೆಂದು ಕಣ್ಣಿಗೇ ಕಾಣುತ್ತದೆ. ಆದರೆ ಯಂತ್ರ ‘ಇಲ್ಲ’ ಎನ್ನುವ ಮೊದಲು ಆ ಅಂಕಿಗಳನ್ನು ಗುಂಪುಗಳಾಗಿ ಒಡೆಯುವ ಎಲ್ಲ ಬಗೆಗಳನ್ನೂ ಹಿಡಿದು ನೋಡುತ್ತಿತ್ತು. ಎರಡರ 29ನೇ ಘಾತ, ಅಂದರೆ 53 ಕೋಟಿಗೂ ಮಿಕ್ಕು. ಇನ್ನೊಂದು ಅಂಕಿ ಸೇರಿದರೆ ಅದರ ಎರಡರಷ್ಟು.

ಕ್ಯಾಂಟೀನ್ ಬಿಲ್ಲಿನ ಹಿಂಬದಿಯಲ್ಲಿ ವೃತ್ತ ಬರೆದು ನೋಡಿದೆ. ಒಂದೇ ಸ್ಥಿತಿಯಿಂದ ಒಂದೇ ಅಂಕಿಗೆ ಎರಡು ಬಾಣ! ಇಂಥಲ್ಲಿ ಒಂದು ದಾರಿ ಹಿಡಿದು ಸೋತು ಹಿಂದಿರುಗಬೇಕಿಲ್ಲ, ಎರಡೂ ಕಡೆ ಇದ್ದೇವೆಂದು ಗುರುತಿಟ್ಟುಕೊಂಡು ಮುಂದಿನ ಅಕ್ಷರಕ್ಕೆ ನಡೆದರಾಯಿತು ಎಂದು ಮೇಡಂ ಮೂರು ದಿನ ಹೇಳಿಕೊಟ್ಟಿದ್ದರು. 31 ಅಕ್ಷರಕ್ಕೆ 31 ಹೆಜ್ಜೆ. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಈ ಉಪಾಯದಿಂದ ಪಠ್ಯ ಹುಡುಕುವುದನ್ನು 1968ರಲ್ಲೇ ಪ್ರಕಟಿಸಿದ್ದರು.

ಹಾಗಿದ್ದರೆ ನಾನು ಬಳಸಿದ ಪ್ರೋಗ್ರಾಮಿಂಗ್ ಭಾಷೆಗೇನಾಗಿತ್ತು? ಅದರಲ್ಲಿ ಬ್ಯಾಕ್‌ರೆಫರೆನ್ಸ್ ಎಂಬ ಸೌಲಭ್ಯವಿತ್ತು. ಹಿಂದೆ ಸಿಕ್ಕ ತುಣುಕೇ ಮುಂದೆಯೂ ಬರಬೇಕೆಂದು ಕೇಳಬಹುದಿತ್ತು. ಅದು ಬಂದೊಡನೆ ವೃತ್ತ-ಬಾಣಗಳ ಯಂತ್ರ ಸಾಲದು. ಸಾಲದೆಂದು ಸಾಧಿಸಿಕೊಡುವುದು ನನಗೆ ಕೈಕೊಟ್ಟ ಅದೇ ಪಂಪಿಂಗ್ ಲೆಮ್ಮಾ. ಹಾಗಾಗಿ ಆ ಭಾಷೆ ಒಂದೊಂದೇ ದಾರಿ ಹಿಡಿದು, ಸೋತರೆ ಹಿಂದಿರುಗಿ ನೋಡುತ್ತಿತ್ತು. ತರಗತಿಯ ರೆಗ್ಯುಲರ್ ಎಕ್ಸ್‌ಪ್ರೆಶನ್ ಬೇರೆ, ಕಚೇರಿಯದು ಬೇರೆ. ಹೆಸರು ಮಾತ್ರ ಒಂದೇ. ಇದನ್ನು ಯಾರೂ ಹೇಳಲಿಲ್ಲವೆಂಬ ಸಿಟ್ಟು ನನಗೆ ಇಂದಿಗೂ ಸ್ವಲ್ಪ ಇದೆ. ಸಿದ್ಧಾಂತ ಮೇಲಿನ ಮಹಡಿಯಲ್ಲಿ, ಲ್ಯಾಬು ಕೆಳಗೆ. ನಡುವಿನ ಮೆಟ್ಟಿಲುಗಳಲ್ಲಿ ನಾವು ಓಡಾಡಿದೆವೇ ಹೊರತು ಪಾಠ ಓಡಾಡಲಿಲ್ಲ.

ಸಮಾಧಾನವೆಂದರೆ, ಎಡವಿದವನು ನಾನೊಬ್ಬನೇ ಅಲ್ಲ. 2016ರ ಜುಲೈ 20ರಂದು ಪ್ರೋಗ್ರಾಮರುಗಳು ಪ್ರಶ್ನೆ ಕೇಳುವ ಸ್ಟ್ಯಾಕ್ ಓವರ್‌ಫ್ಲೋ ತಾಣವೇ 34 ನಿಮಿಷ ನಿಂತಿತ್ತು. ಸಾಲಿನ ತುದಿಯ ಖಾಲಿ ಜಾಗ ಕತ್ತರಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ಸುಮಾರು 20,000 ಖಾಲಿ ಅಕ್ಷರಗಳು ಒಟ್ಟಿಗೇ ಎದುರಾಗಿದ್ದವು.

ನಾವು ಆಮೇಲೆ ಆಟೋಮೇಟಾವನ್ನೇ ನೆಚ್ಚಿದ ಆರ್‌ಇ2 ಎಂಬ ಸಿದ್ಧ ಕೋಡಿನ ಲೈಬ್ರರಿಗೆ ಬದಲಾದೆವು. ಅದರಲ್ಲಿ ಬ್ಯಾಕ್‌ರೆಫರೆನ್ಸ್ ಇಲ್ಲ. “ಇದೊಂದನ್ನು ಸೇರಿಸಲು ಅವರಿಗೇನು ಕಷ್ಟ ಸರ್?” ಎಂದು ಹೊಸದಾಗಿ ಸೇರಿದ ಹುಡುಗ ಗೊಣಗಿದ. ಕೂರಿಸಿಕೊಂಡೆ. ಬಳೆಯಿರಲಿಲ್ಲ; ಕಾಫಿ ಲೋಟದ ತಳವನ್ನು ಹಾಳೆಗೆ ಒತ್ತಿ ವೃತ್ತ ಎಳೆದೆ. ಅರ್ಧ ಗಂಟೆಯಲ್ಲಿ ಲೆಮ್ಮಾ ಮುಗಿಯಿತು. ಹುಡುಗ ಹಾಳೆಯನ್ನೇ ನೋಡುತ್ತಾ, “ಇದಕ್ಕೆ ಪರೀಕ್ಷೆಯಲ್ಲಿ ನಿಮಗೆ ಎಷ್ಟು ಅಂಕ ಬಂದಿತ್ತು ಸರ್?” ಎಂದ.

ನಾನು ಲೋಟ ತೊಳೆಯಲು ಎದ್ದೆ.