ಮೇಲಿನ ಒಂದು ಹಿಡಿ ಅಕ್ಕಿ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಅಳೆಯುವುದು ಅತ್ತೆ. ಸಿದ್ದೆಯಲ್ಲಿ ಅಳೆದು ಪಾತ್ರೆಗೆ ಸುರಿದ ಮೇಲೆ ಮತ್ತೆ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಆ ಹಿಡಿ ನಮ್ಮ ನಾಯಿ ಕೆಂಚನದು. 9 ವರ್ಷ ಹೀಗೇ ನಡೆದಿತ್ತು. ಕೆಂಚ ಹೋಗಿ ಈಗ ನಾಲ್ಕು ತಿಂಗಳು.

ದೀಪಾವಳಿ ಮುಗಿದ ವಾರ. ಬೆಳಿಗ್ಗೆ ಜಗಲಿ ಗುಡಿಸುವಾಗ ಅಂಗಾಲಿಗೆ ಏನೋ ಅಂಟಿತು. ನಮ್ಮದು ಹಳೇ ಕಾಲದ ಕೆಂಪು ಗಾರೆ ನೆಲ. ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ಬೆರಳಲ್ಲಿ ಒರೆಸಿದಾಗ ಗೊತ್ತಾಯಿತು, ರಕ್ತ. ಕೆಂಚ ಮಲಗುವ ಮೂಲೆಯಿಂದ ಮೆಟ್ಟಿಲಿನವರೆಗೂ ಹನಿ ಹನಿಯಾಗಿ ಬಿದ್ದಿತ್ತು. ಎಷ್ಟು ದಿನದಿಂದ ಬೀಳುತ್ತಿತ್ತೋ, ಆ ಕೆಂಪು ನೆಲದ ಮೇಲೆ ನಮಗ್ಯಾರಿಗೂ ಕಂಡಿರಲಿಲ್ಲ. ಅವನ ಮೂಗಿನ ಒಂದು ಹೊಳ್ಳೆ ಒದ್ದೆಯಾಗಿತ್ತು. ತುಟಿ ಎತ್ತಿ ನೋಡಿದೆ. ಒಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅಷ್ಟಾದರೂ ಬಾಲ ಅಲ್ಲಾಡಿಸುತ್ತಿದ್ದ.

ನಮ್ಮ ಕಡೆಯ ಪಶುವೈದ್ಯರು ನೋಡಿದವರೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಸಾಗರದಿಂದ ಸುಮಾರು 70 ಕಿಲೋಮೀಟರ್. ಹೋದೆವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 11 ಸಾವಿರ ಬಂತು. ಆರೋಗ್ಯವಾಗಿರುವ ನಾಯಿಗೆ ಎರಡು ಲಕ್ಷದ ಸುತ್ತಮುತ್ತ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಉಣುಗಿನಿಂದ ಬರುವ ಜ್ವರ ಇದು, ಎರ್ಲಿಕಿಯಾ ಅಂತ ಹೆಸರು. "ಹಿಂದೆ ಯಾವಾಗಾದ್ರೂ ಎರಡು ಮೂರು ದಿನ ಊಟ ಬಿಟ್ಟು ಮಲಗಿತ್ತೇನಮ್ಮಾ?" ಎಂದು ಡಾಕ್ಟರು ಕೇಳಿದರು. ಮಲಗಿದ್ದ. ಹಿಂದಿನ ವರ್ಷದ ಬೇಸಿಗೆಯಲ್ಲಿ. ಮೂರನೇ ದಿನ ಎದ್ದು ಮಜ್ಜಿಗೆ ಅನ್ನ ತಿಂದ. ಗುಣವಾಯಿತಲ್ಲ ಎಂದು ನಾವು ಖುಷಿಪಟ್ಟಿದ್ದೆವು. ರೋಗ ಒಳಗೆ ಹೊಕ್ಕಿದ್ದು ಆಗಲೇ ಇರಬೇಕು ಎಂದರು. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರುತ್ತದಂತೆ. ಕೆಲವು ನಾಯಿಗಳಲ್ಲಿ ಕೊನೆಗೆ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಹಾಳು ಮಾಡುತ್ತದಂತೆ. ಶುರುವಿನಲ್ಲೇ ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ಕೊಟ್ಟರೆ ಹೆಚ್ಚಿನ ನಾಯಿಗಳು ಉಳಿಯುತ್ತವೆ.

ಈ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಯಾಕೆಂದರೆ ಉಣುಗು ಅಂದರೆ ಹೆದರುವ ಸೀಮೆ ನಮ್ಮದು. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಪಕ್ಕದ ಸೊರಬ ತಾಲ್ಲೂಕಿನಲ್ಲೇ ಇದೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಅದೇ ಕಾಯಿಲೆಗೆ ಜನ ಸತ್ತರು. ಅವತ್ತಿನಿಂದ ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಅತ್ತೆ ಯಾರನ್ನೂ ಸೊಪ್ಪಿನ ಬೆಟ್ಟಕ್ಕೆ ಬಿಡುತ್ತಿರಲಿಲ್ಲ. ನಾವು ಮೊಣಕಾಲವರೆಗೂ ಎಣ್ಣೆ ಬಳಿದುಕೊಂಡು ಹೊರಡುತ್ತಿದ್ದೆವು. ಕೆಂಚ ನಮ್ಮ ಹಿಂದೆ ಬರಿಮೈಯಲ್ಲಿ ಬರುತ್ತಿದ್ದ. ಮನುಷ್ಯರಿಗೆ ಮಂಗನ ಕಾಯಿಲೆ ತರುವ ಉಣುಗು ಬೇರೆ, ನಾಯಿಗೆ ಈ ಜ್ವರ ತರುವ ಕಂದು ಉಣುಗು ಬೇರೆ, ನಿಜ. ಆದರೆ ನಮ್ಮ ಕಾಲನ್ನು ಅಷ್ಟು ನೋಡಿಕೊಂಡ ನಾವು, ಅವನ ಕಿವಿ ಮಡಚಿ ಒಂದು ದಿನ ಸರಿಯಾಗಿ ನೋಡಲಿಲ್ಲ.

ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ಸಂಜೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆ ಹೇಳುವಾಗ ಅವರ ಮುಖ ನೋಡಿಯೇ ನನಗೆ ಗೊತ್ತಾಗಿತ್ತು. ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಯನೂರು, ಕುಂಸಿ ದಾಟಿದೆವು. ಚೋರಡಿ ದಾಟಿದ ಮೇಲೆ ತಲೆ ಭಾರವಾಯಿತು. ಯಜಮಾನರಿಗೆ ಹೇಳಲಿಲ್ಲ. ಗಾಡಿ ಓಡಿಸುತ್ತಿದ್ದರಲ್ಲ. ಆನಂದಪುರದಲ್ಲಿ ಅವರೇ ಕನ್ನಡಿಯಲ್ಲಿ ನನ್ನ ಮುಖ ನೋಡಿ ಗಾಡಿ ಬದಿಗೆ ಹಾಕಿದರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು.

ರಾತ್ರಿಯೇ ಮನೆ ಹಿಂದೆ, ಹಲಸಿನ ಮರದ ಹತ್ತಿರ ಗುಂಡಿ ತೆಗೆದೆವು. ಹಲಸಿನ ತೊಳೆ ಅಂದರೆ ಅವನಿಗೆ ಪ್ರಾಣ. ಮಗ ಟಾರ್ಚ್ ಹಿಡಿದು ನಿಂತಿದ್ದ, ಬೆಳಕು ನಡುಗುತ್ತಿತ್ತು. ಅತ್ತೆ ತಮ್ಮದೊಂದು ಹಳೇ ಹತ್ತಿ ಸೀರೆ ತಂದುಕೊಟ್ಟರು, ಉಪ್ಪಿನ ಮರಿಗೆಯನ್ನೂ ತಂದಿಟ್ಟರು. ಮಣ್ಣು ಮುಚ್ಚಿದ ಮೇಲೆ ಕಾಡುಪ್ರಾಣಿ ಕೆದಕದ ಹಾಗೆ ದೊಡ್ಡ ಕಲ್ಲು ಹೊರಳಿಸಿ ಇಟ್ಟೆವು.

ಮಾರನೇ ದಿನ ಮಧ್ಯಾಹ್ನ ಅನ್ನ ಮಿಕ್ಕಿತು. ಅದರ ಮಾರನೇ ದಿನವೂ ಮಿಕ್ಕಿತು. ಅತ್ತೆಯ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಿಕ್ಕಿದ್ದನ್ನು ದನದ ಅಕ್ಕಚ್ಚಿಗೆ ಹಾಕುತ್ತಿದ್ದೆ.

ಫೋನ್ ಮಾಡಿದವರೆಲ್ಲ "ನಾಯಿ ತಾನೇ, ಇನ್ನೊಂದು ಮರಿ ತನ್ನಿ" ಎಂದರು. ಅವರು ಕೆಟ್ಟವರಲ್ಲ. ಆದರೆ ಆ ಮಾತು ಕೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ. ನನಗೆ ಸಮಾಧಾನ ಸಿಕ್ಕಿದ್ದು ಅಡಿಕೆ ಸುಲಿತದ ರಾತ್ರಿಗಳಲ್ಲಿ. ಪ್ರತಿ ವರ್ಷ ಸುಲಿಯುವವರ ನಡುವೆ ಸಿಪ್ಪೆ ರಾಶಿಯ ಮೇಲೆ ಕೆಂಚ ಮಲಗುತ್ತಿದ್ದ. ಈ ಸಲ ಆ ಜಾಗ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ನಾಯಿಗಳ ಕತೆ ಹೇಳಿದರು. ಒಬ್ಬಾಕೆ ಕೈ ನಿಲ್ಲಿಸದೆ ಹೇಳಿದಳು: "ನಮ್ಮ ರಾಜನ್ನ ಚಿರತೆ ಅಂಗಳದಿಂದಲೇ ಎತ್ಕೊಂಡು ಹೋಯ್ತು ಅಮ್ಮಾ. ಬೆಳಿಗ್ಗೆ ಕೊರಳ ಹಗ್ಗ ಒಂದು ಸಿಕ್ತು. ನಿಮಗೆ ಮಣ್ಣು ಮಾಡೋಕಾದ್ರೂ ಸಿಕ್ತಲ್ವಾ." ಆಮೇಲೆ ಎಲ್ಲರೂ ಸುಲಿಯುತ್ತಾ ಕೂತೆವು. ಅವತ್ತು ರಾತ್ರಿ ನನಗೆ ನಿದ್ದೆ ಬಂತು.

ಹೋದ ವಾರ ಪಕ್ಕದ ಮನೆಯ ಕರಿನಾಯಿ ನಮ್ಮ ಅಂಗಳಕ್ಕೆ ಬಂತು. ನಾನು ಅದನ್ನು ಮೆಟ್ಟಿಲ ಹತ್ತಿರ ಕೂರಿಸಿಕೊಂಡು ಕಿವಿ ಮಡಚಿದೆ. ಕಿವಿಯ ಒಳಗೆ, ಕೊರಳ ಕೆಳಗೆ, ಬೆರಳ ಸಂದಿಯಲ್ಲಿ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು, ಕೈಯಲ್ಲಿ ಹಿಸುಕಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಡಬ್ಬಿಯ ಸ್ಪಿರಿಟ್‌ಗೆ ಹಾಕಿ ಎಣಿಸಿದೆ, 14 ಉಣುಗು. ಹೋಗಿ ಅವರ ಮನೆಯವರಿಗೆ ಡಬ್ಬಿ ತೋರಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು ಎಂದು ಹೇಳಿ ಬಂದೆ.

ವಾಪಸು ಬಂದಾಗ ಕರಿನಾಯಿ ಮೆಟ್ಟಿಲ ಹತ್ತಿರವೇ ಕೂತಿತ್ತು. ಒಳಗಿಂದ ಅತ್ತೆ ಕೂಗಿದರು.

"ಅನ್ನ ಮಿಕ್ಕಿದೆ ಕಣೇ. ಅದಕ್ಕೆ ಹಾಕು."