‘ಎರಡೂ ಒಂದೇ ಅಲ್ವಾ?’ ಅಂತ ಕೇಳುವವರಿಗೆ

ಅಲ್ಲ. ಕಾಯಿಲೆಗಳ ಲೆಕ್ಕದಲ್ಲಿ ಬರುವ ಇನ್ಸಿಡೆನ್ಸ್, ಪ್ರಿವಲೆನ್ಸ್ ಎರಡೂ ಒಂದೇ ಅಲ್ಲ. ಮೊದಲನೆಯದು ಹೊಸದಾಗಿ ಕಾಯಿಲೆ ಬಂದವರ ಲೆಕ್ಕ, ಎರಡನೆಯದು ಈಗ ಕಾಯಿಲೆ ಇರುವವರ ಲೆಕ್ಕ.

ಆರೋಗ್ಯ ಯೋಜನೆಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಅದು ಗೊತ್ತಾದ ಕೂಡಲೇ ಜನ ಈ ಪ್ರಶ್ನೆ ತೆಗೆಯುತ್ತಾರೆ. ವರದಿ ಓದಿದವರು, ಸುದ್ದಿ ಬರೆಯುವವರು, ಸಭೆಗೆ ಬರುವ ಅಧಿಕಾರಿಗಳು, ಎಲ್ಲರೂ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೆ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಯ ಬಾಲದಲ್ಲಿರುವ ಆ ‘ಅಲ್ವಾ’ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ‘ಏನು ವ್ಯತ್ಯಾಸ?’ ಅಂತ ಕೇಳಿದವರಿಗೆ ಉತ್ತರ ಬೇಕಿರುತ್ತದೆ. ‘ಒಂದೇ ಅಲ್ವಾ?’ ಅನ್ನುವವರು ಉತ್ತರವನ್ನು ಜೇಬಲ್ಲಿಟ್ಟುಕೊಂಡೇ ಬಂದಿರುತ್ತಾರೆ. ನಾನು ಸುಮ್ನೆ ತಲೆಯಾಡಿಸಬೇಕು, ಅಷ್ಟೆ. ನಾನು ಆಡಿಸುವುದಿಲ್ಲ.

ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚುಗಳನ್ನು ನೆನಪಿಸಿಕೊಳ್ಳಿ. ಸರಿಯಾಗಿ ಹತ್ತು ಗಂಟೆಗೆ ಹೋಗಿ ಅಲ್ಲಿ ಕೂತವರ ತಲೆ ಎಣಿಸಿ. ಅದು ಪ್ರಿವಲೆನ್ಸ್. ಈ ಹೊತ್ತಿನಲ್ಲಿ ಇರುವವರು ಎಷ್ಟು ಅನ್ನುವ ಲೆಕ್ಕ. ಈಗ ಬಾಗಿಲ ಹತ್ತಿರ ನಿಂತು ಒಂಬತ್ತರಿಂದ ಹತ್ತರವರೆಗೆ ಒಳಗೆ ಬಂದವರನ್ನು ಎಣಿಸಿ. ಅದು ಇನ್ಸಿಡೆನ್ಸ್. ಇಷ್ಟು ಸಮಯದಲ್ಲಿ ಹೊಸಬರು ಎಷ್ಟು ಅನ್ನುವ ಲೆಕ್ಕ. ಬೆಂಚು ತುಂಬಿ ತುಳುಕುತ್ತಿದ್ದರೆ ಹೊಸಬರು ಜಾಸ್ತಿ ಬರುತ್ತಿರಬಹುದು. ಇಲ್ಲವೇ ಬಂದವರು ಎದ್ದು ಹೋಗದೆ ಕೂತಿರಬಹುದು. ಬರೀ ತಲೆ ಎಣಿಸಿದರೆ ಯಾವುದು ಅಂತ ತಿಳಿಯುವುದಿಲ್ಲ.

ನೆಗಡಿ ವರ್ಷವಿಡೀ ಜನರಿಗೆ ಬರುತ್ತಲೇ ಇರುತ್ತದೆ, ಬಂದ ಹಾಗೇ ಹೋಗುತ್ತದೆ. ಬಾಗಿಲಲ್ಲಿ ನೂಕುನುಗ್ಗಲು, ಬೆಂಚು ಮಾತ್ರ ಬೇಗ ಖಾಲಿ. ಸಕ್ಕರೆ ಕಾಯಿಲೆಯವರು ಒಬ್ಬೊಬ್ಬರಾಗಿ ಬರುತ್ತಾರೆ. ಆದರೆ ಎದ್ದು ಹೋಗುವುದಿಲ್ಲ, ವರ್ಷ ವರ್ಷ ಬೆಂಚು ಉದ್ದವಾಗುತ್ತದೆ. ಎಷ್ಟು ಮಾತ್ರೆ ತರಿಸಬೇಕು, ಎಷ್ಟು ಜನ ಸಿಬ್ಬಂದಿ ಬೇಕು ಅನ್ನುವುದಕ್ಕೆ ಬೆಂಚಿನ ಲೆಕ್ಕ ಬೇಕು. ಕಾಯಿಲೆ ಬರದಂತೆ ತಡೆಯುವ ಕೆಲಸ ಫಲ ಕೊಡುತ್ತಿದೆಯಾ ಅಂತ ನೋಡುವುದಕ್ಕೆ ಬಾಗಿಲಿನ ಲೆಕ್ಕ ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಒಂದು ಪರಿಶೀಲನಾ ಸಭೆ. ಎಚ್‌ಐವಿ ಚಿಕಿತ್ಸೆಯ ಅಂಕಿಅಂಶ ಮೇಜಿನ ಮೇಲಿತ್ತು. ಒಂದು ಪ್ರದೇಶದ ಪ್ರಿವಲೆನ್ಸ್ ಏರಿತ್ತು. ಹಾಳೆಯಲ್ಲಿ ಆ ಅಂಕಿಯ ಚೌಕಕ್ಕೆ ಯಾರೋ ಕೆಂಪು ಬಣ್ಣ ತುಂಬಿದ್ದರು. ಅಧ್ಯಕ್ಷತೆ ವಹಿಸಿದವರು ಆ ಕೆಂಪಿನ ಮೇಲೆ ಬೆರಳಿಟ್ಟು, ಆ ಪ್ರದೇಶದ ಆರೋಗ್ಯ ಕಾರ್ಯಕರ್ತೆಯನ್ನು ಎಬ್ಬಿಸಿ ನಿಲ್ಲಿಸಿದರು. ‘ಇಷ್ಟು ವರ್ಷ ಏನು ಮಾಡ್ತಿದ್ರಿ?’

ಅವಳ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಮೂಲೆಗಳು ಮಡಚಿ ಮೆತ್ತಗಾಗಿದ್ದವು. ಪ್ರತಿ ಪುಟದಲ್ಲೂ ಹೆಸರುಗಳು, ಹೆಸರಿನ ಮುಂದೆ ತಿಂಗಳಿಗೊಂದು ಟಿಕ್. ಬಂದು ಮಾತ್ರೆ ತೆಗೆದುಕೊಂಡು ಹೋದವರಿಗೆ ಒಂದು ಟಿಕ್. ಕೆಲವು ಸಾಲುಗಳಲ್ಲಿ ಟಿಕ್‌ಗಳು ಪುಟದ ಅಂಚು ದಾಟಿ ಮುಂದಿನ ಪುಟಕ್ಕೆ ಹೋಗಿದ್ದವು. ಆ ಕೆಂಪು ಚೌಕ ತುಂಬಿದ್ದು ಅವೇ ಟಿಕ್‌ಗಳಿಂದ. ಆ ಜನ ಸತ್ತಿರಲಿಲ್ಲ, ಅದಕ್ಕೆ ಸಂಖ್ಯೆ ಏರಿತ್ತು.

ಲೆಕ್ಕಕ್ಕೆ ಹೀಗೆ ನೋಡಿ. ವರ್ಷಕ್ಕೆ 20 ಹೊಸಬರು ಬರುತ್ತಾರೆ, ಒಬ್ಬೊಬ್ಬರು 5 ವರ್ಷ ಬದುಕುತ್ತಾರೆ ಅಂದುಕೊಳ್ಳಿ. ಯಾವಾಗ ಎಣಿಸಿದರೂ ಸುಮಾರು 100 ಜನ ಸಿಗುತ್ತಾರೆ. ಒಳ್ಳೆಯ ಚಿಕಿತ್ಸೆ ಬಂತು, 15 ವರ್ಷ ಬದುಕತೊಡಗಿದರು. ಹೊಸಬರು 15ಕ್ಕೆ ಇಳಿದರು. ಆದರೂ ಕೆಲವು ವರ್ಷಗಳಾದ ಮೇಲೆ ಎಣಿಸಿದರೆ 225 ಜನ. ಕೆಲಸ ಚೆನ್ನಾಗಿ ಆಗಿದೆ, ಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾಗಿದೆ. ಎಚ್‌ಐವಿಯಲ್ಲಿ ನಿಜವಾಗಿ ಆಗಿದ್ದೂ ಇದೇ. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಳಕೆಗೆ ಬಂತು. ಅದು ಸಿಕ್ಕ ಕಡೆಗಳಲ್ಲಿ ಸಾವು ಇಳಿಯಿತು. ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಅಂದರೆ ಬೆಂಚು ಉದ್ದ ಮಾಡಿದ ಅದೇ ಮಾತ್ರೆ ಬಾಗಿಲಲ್ಲಿ ಜನರನ್ನೂ ಕಡಿಮೆ ಮಾಡುತ್ತದೆ.

ಆ ಸಭೆಯಲ್ಲಿ ಇದನ್ನು ಹೇಳುವುದಕ್ಕೆ ನಾನು ಮೂರು ನಿಮಿಷ ಕೇಳಿದೆ. ಅಧ್ಯಕ್ಷತೆ ವಹಿಸಿದವರು ಗಡಿಯಾರ ನೋಡಿದರು. ಮಾತು ಮುಗಿದ ಮೇಲೆ, ‘ಅದೇ, ಎರಡೂ ಒಂದೇ ಅಲ್ವಾ?’ ಅಂದರು. ಆ ಹುಡುಗಿ ಇನ್ನೂ ನಿಂತೇ ಇದ್ದಳು. ಹಾಗಾಗಿ ಈ ಪದಗಳ ವಿಷಯದಲ್ಲಿ ನಾನು ಹಟ ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ, ಹೌದು, ಮಾಡುತ್ತೇನೆ.

ನಿಜ ಹೇಳಬೇಕೆಂದರೆ, ಜನ ಬೇರೊಂದು ಪ್ರಶ್ನೆ ಕೇಳಲಿ ಅಂತ ನನಗೆ ಆಸೆ. ‘ಛೇದದಲ್ಲಿ ಯಾರಿದ್ದಾರೆ?’ ಶಾಲೆಯಲ್ಲಿ ಭಿನ್ನರಾಶಿ ಕಲಿತಿದ್ದೀವಲ್ಲ, ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಆರೋಗ್ಯದ ವರದಿಗಳಲ್ಲಿ ಎಲ್ಲರ ಕಣ್ಣು ಗೆರೆಯ ಮೇಲೇ ಇರುತ್ತದೆ. ಕೆಳಗೆ ಬಗ್ಗಿ ನೋಡುವವರು ಕಡಿಮೆ.

ಶಿಶು ಮರಣ ದರವನ್ನು 1,000 ಜೀವಂತ ಜನನಗಳಿಗೆ ಲೆಕ್ಕ ಹಾಕುತ್ತಾರೆ. ತಾಯಂದಿರ ಮರಣವನ್ನು 1,00,000 ಜೀವಂತ ಜನನಗಳಿಗೆ. ಒಂದು ಕಡೆ ಶಿಶು 20, ತಾಯಿ 90 ಅಂತ ಅಕ್ಕಪಕ್ಕ ಬರೆದರೆ ತಾಯಂದಿರೇ ಜಾಸ್ತಿ ಸಾಯುತ್ತಿದ್ದಾರೆ ಅಂತ ಓದುವವರನ್ನು ನೋಡಿದ್ದೇನೆ. ಒಂದೇ ಛೇದಕ್ಕೆ ತಂದರೆ ಶಿಶುಗಳದ್ದು 2,000. ಇನ್ನೂ ಒಂದು ವಿಷಯ. ಗರ್ಭಿಣಿಯಾಗಿದ್ದಾಗ, ಇಲ್ಲವೇ ಗರ್ಭ ಮುಗಿದ 42 ದಿನದೊಳಗೆ, ಗರ್ಭಕ್ಕೆ ಅಥವಾ ಅದರ ಆರೈಕೆಗೆ ಸಂಬಂಧಿಸಿದ ಕಾರಣದಿಂದ ಸತ್ತರೆ ಅದು ತಾಯಿ ಮರಣ. ಮಗು ಹೊಟ್ಟೆಯಲ್ಲೇ ಸತ್ತಿದ್ದರೂ ಆ ತಾಯಿಯ ಸಾವು ಮೇಲಿನ ಎಣಿಕೆಗೆ ಸೇರುತ್ತದೆ. ಆ ಮಗು ಮಾತ್ರ ಕೆಳಗಿನ ಎಣಿಕೆಗೆ ಬರುವುದೇ ಇಲ್ಲ, ಅಲ್ಲಿ ಜೀವಂತ ಜನನಗಳಷ್ಟೇ.

ಲಸಿಕೆ ‘ಕವರೇಜ್ 95%’ ಅಂದರೂ ಹಾಗೇ. ನೂರಕ್ಕೆ ತೊಂಬತ್ತೈದು, ಸರಿ. ಯಾವ ನೂರು? ಹುಟ್ಟಿದ ಎಲ್ಲ ಮಕ್ಕಳಾ, ಪಟ್ಟಿಯಲ್ಲಿ ಹೆಸರಿರುವ ಮಕ್ಕಳಾ? ಹೆಸರೇ ದಾಖಲಾಗದ ಮಗು ಗೆರೆಯ ಮೇಲೂ ಇಲ್ಲ, ಕೆಳಗೂ ಇಲ್ಲ. ಅದಕ್ಕೆ ಲಸಿಕೆ ಸಿಗದಿದ್ದರೂ 95 ಹಾಗೇ ಇರುತ್ತದೆ.

ಪದಗಳು ಜನರನ್ನು ಗಾಯ ಮಾಡುವುದೂ ಉಂಟು. ಕ್ಷಯದ ಔಷಧಿ ನಡುವೆ ಬಿಟ್ಟವರನ್ನು ಬಹಳ ಕಾಲ ‘ಡಿಫಾಲ್ಟರ್’ ಅಂತ ಬರೆಯುತ್ತಿದ್ದರು. ಸಾಲ ತೀರಿಸದವರಿಗೆ ಹೇಳುತ್ತಾರಲ್ಲ, ಸುಸ್ತಿದಾರ, ಅದೇ ಅರ್ಥ. ಪರೀಕ್ಷೆಗೆ ಬಂದವರನ್ನು ‘ಸಸ್ಪೆಕ್ಟ್’ ಅನ್ನುತ್ತಿದ್ದರು, ಕಳ್ಳತನದ ಶಂಕಿತರ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಬದಲಾಯಿಸಿತು. ಡಿಫಾಲ್ಟರ್ ಹೋಗಿ ‘ಸಂಪರ್ಕ ತಪ್ಪಿದವರು’ ಅನ್ನುವ ಅರ್ಥದ ಪದ ಬಂತು. ತಪ್ಪಿದ್ದು ಸಂಪರ್ಕ ಅಂದಾಗ ಹುಡುಕಿಕೊಂಡು ಹೋಗುವ ಜವಾಬ್ದಾರಿ ನಮ್ಮದೂ ಆಗುತ್ತದೆ. ನನಗೆ ಆ ಬದಲಾವಣೆ ತುಂಬಾ ಇಷ್ಟ.

ಆ ಸಭೆಯ ದಿನಕ್ಕೆ ಮರಳುತ್ತೇನೆ. ಸಂಜೆ ಎಲ್ಲರೂ ಹೊರಟ ಮೇಲೆ ಆ ಕಾರ್ಯಕರ್ತೆ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. ಬೈಸಿಕೊಂಡ ಬಗ್ಗೆ ಒಂದು ಮಾತೂ ಆಡಲಿಲ್ಲ. ನೋಟ್‌ಬುಕ್ ಬಿಚ್ಚಿ, ಟಿಕ್ ನಿಂತುಹೋದ ಮೂರು ಸಾಲು ತೋರಿಸಿದಳು. ‘ಇವರು ಇಲ್ಲಿಂದ ಬೇರೆ ಕಡೆ ಹೋದರು. ಸತ್ತವರಲ್ಲೂ ಬರೆಯೋಕಾಗಲ್ಲ, ಬರುವವರಲ್ಲೂ ಬರೆಯೋಕಾಗಲ್ಲ. ಯಾವ ಲೆಕ್ಕದಲ್ಲಿ ಇಡಲಿ?’

ಎಷ್ಟೋ ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಮೆಟ್ಟಿಲ ಮೇಲೇ ಕೂತೆವು. ಫೋನ್ ಮಾಡಿ ವಿಚಾರಿಸಿದೆವು. ಇಬ್ಬರು ಬೇರೆ ಕೇಂದ್ರದಲ್ಲಿ ಹೆಸರು ಬರೆಸಿದ್ದರು, ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅವರನ್ನು ‘ವರ್ಗಾವಣೆ’ ಅಂತ ಬರೆದಳು. ಮೂರನೆಯವರ ಫೋನ್ ಸ್ವಿಚ್ ಆಫ್ ಬಂತು. ಆ ಸಾಲಿನಲ್ಲಿ ಅವಳು ಏನೂ ಬರೆಯಲಿಲ್ಲ. ನಾಳೆ ಇನ್ನೊಮ್ಮೆ ಮಾಡ್ತೀನಿ ಅಂದಳು.